ಫಟಫಟಿಯ ಚೈನು

ನಮ್ಮ ಮನೆಯವರ ಫಟಫಟಿ ಮಿಲಿಟರಿಯವರು ಹರಾಜು ಹಾಕಿದ ಹಳೆಯ ಮೋಟಾರ್ ಸೈಕಲ್ಲು. ಬೆಳಗಾವಿಯಲ್ಲಿ ಯಾರ್ಯಾರದೋ ಕೈ ದಾಟಿ ಕೊನೆಗೆ ಅವರಿಗೆ ಸಿಕ್ಕಿತ್ತು. ಮೇಲೆ ಬಳಿದ ಕರಿ ಬಣ್ಣ ಎದ್ದುಹೋದ ಕಡೆಯಲ್ಲೆಲ್ಲ ಒಳಗಿನ ಸೈನ್ಯದ ಹಸಿರು ಕಾಣುತ್ತಿತ್ತು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮದುವೆಯಾಗಿ ಹಳಿಯಾಳದಿಂದ ದಾಂಡೇಲಿಗೆ ಬಂದಾಗ, ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲಿ ಅಂಥ ಗಾಡಿ ಇದ್ದದ್ದು ನಮ್ಮ ಮನೆಯ ಮುಂದೆ ಮಾತ್ರ. ಉಳಿದವರದೆಲ್ಲ ಸೈಕಲ್ಲು.

ಇವರು ಕಾಗದದ ಕಾರ್ಖಾನೆಗೆ ಬಿದಿರು ಕಡಿಸುವ ಕೆಲಸದ ಮೇಲೆ ಇದ್ದರು. ಸೂಪಾ ಊರು ಆಗ ಇನ್ನೂ ಅಣೆಕಟ್ಟಿನ ನೀರಿನಲ್ಲಿ ಮುಳುಗಿರಲಿಲ್ಲ. ಸೂಪಾದ ಆಚೆ ಜೊಯಿಡಾ ಕಡೆಯ ಕಾಡಿನಲ್ಲಿ ಎಲ್ಲೆಲ್ಲಿ ಬಿದಿರು ಕಡಿಯುತ್ತಿದ್ದರೋ ಅಲ್ಲಿಗೆಲ್ಲ ಇವರು ಹೋಗಿ ನೋಡಿ ಬರಬೇಕು. ಬಸ್ಸು ಹೋಗುವುದು ದೊಡ್ಡ ರಸ್ತೆಯವರೆಗೆ. ಅದರಾಚೆ ಲಾರಿಯ ಗಾಲಿ ಕೊರೆದ ಜಾಡು, ಹಳ್ಳ, ಕಲ್ಲು, ಬಿದಿರಿನ ಕೂಳೆ. ಗಾಡಿ ಇಲ್ಲದಿದ್ದರೆ ಆ ಕೆಲಸ ಇಲ್ಲ.

ಅಂಥ ರಸ್ತೆಯಲ್ಲಿ ಕುಣಿದು ಕುಣಿದು ಬಂದ ಗಾಡಿಯನ್ನು ಪ್ರತಿ ಭಾನುವಾರ ಇವರು ಹಿತ್ತಲಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಗೋಣಿತಾಟು ಹಾಸಿ, ನಟ್ಟು ಬಿಚ್ಚುವ ಪಾನಾಗಳನ್ನು ಅಳತೆಯ ಪ್ರಕಾರ ಸಾಲಾಗಿ ಇಟ್ಟುಕೊಂಡು ಕೂರುತ್ತಿದ್ದರು. ಸಡಿಲಾದ ನಟ್ಟು ಬಿಗಿಯುವುದು, ಎಣ್ಣೆ ಬದಲಿಸುವುದು, ಪ್ಲಗ್ಗು ಉಜ್ಜುವುದು. ನಾನು ಅಡುಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತ ನೋಡುತ್ತಿದ್ದೆ. ಆ ಎಂಜಿನ್ನಿನ ಶಬ್ದ ನನಗೆ ಹೊಸದಲ್ಲ. ಹಳಿಯಾಳದಲ್ಲಿ ನಮ್ಮ ಅಪ್ಪನದು ಹಿಟ್ಟಿನ ಗಿರಣಿ. ಗಿರಣಿಯ ಎಂಜಿನ್ನು ಹೇಗೆ ಓಡುತ್ತದೆ ಎಂದು ಸಣ್ಣವಳಿದ್ದಾಗ ಕೇಳಿದ್ದಕ್ಕೆ ಅಪ್ಪ, "ನಾಕು ಕೆಲಸ ಮಾಡತೈತವಾ. ಎಳಕೋತೈತಿ, ಒತ್ತತೈತಿ, ಸಿಡೀತೈತಿ, ಉಗುಳತೈತಿ. ಮತ್ತ ಮೊದಲಿಂದ" ಎಂದಿದ್ದರು. ಇವರ ಫಟಫಟಿಯೂ ಅದೇ ನಾಲ್ಕು ಕೆಲಸ ಮಾಡುವ ಎಂಜಿನ್ನು. ನಿಂತಲ್ಲೇ ಓಡುತ್ತಿದ್ದಾಗ ಕಣ್ಣು ಮುಚ್ಚಿ ಕೇಳಿದರೆ ತವರುಮನೆಯ ಓಣಿಯಲ್ಲಿ ಕೂತಂತೆ ಆಗುತ್ತಿತ್ತು. ಮುಟ್ಟಬೇಕು ಎಂದು ಮಾತ್ರ ನನಗೆ ಒಮ್ಮೆಯೂ ಅನಿಸಿರಲಿಲ್ಲ.

ನಮ್ಮ ಅತ್ತೆಗೆ ಆ ಗಾಡಿ ಕಂಡರೆ ಆಗುತ್ತಿರಲಿಲ್ಲ. ಅವರು ಧಾರವಾಡದ ಹತ್ತಿರದ ಹಳ್ಳಿಯವರು, ಮಗನ ಜೊತೆ ಇರಲು ಬಂದವರು. ಬೆಳಗ್ಗೆ ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಹೊರಗೆ ಬಂದರೆ ಮೊದಲು ಕಣ್ಣಿಗೆ ಬೀಳುವುದು ಅದೇ. "ಅದು ಒಂದಿಲ್ಲ ಒಂದಿನ ರಗತಾ ಕೇಳತೈತಿ" ಎನ್ನುತ್ತಿದ್ದರು. ಇವರು ನಕ್ಕುಬಿಡುತ್ತಿದ್ದರು.

ಅದು ಆದದ್ದು ಮಳೆಗಾಲ ಮುಗಿದು ಬಿದಿರಿನ ಕೆಲಸ ಶುರುವಾಗುವ ಹೊತ್ತಿನಲ್ಲಿ. ಮಳೆಯ ತಿಂಗಳುಗಳಲ್ಲಿ ಗಾಡಿ ನಿಂತೇ ಇತ್ತು. ಚೈನಿಗೆ ತುಕ್ಕು ಹಿಡಿದಿತ್ತು. ಇವರು ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿಬಿಟ್ಟರು. ಹಿಂದಿನ ಗಾಲಿ ನೆಲ ಮುಟ್ಟದೆ ಗಾಳಿಯಲ್ಲಿ ತಿರುಗುತ್ತಿತ್ತು. ಜೊತೆಗೆ ಚೈನೂ ತಾನಾಗಿ ಓಡುತ್ತಿತ್ತು. ಓಡುವ ಚೈನಿಗೆ ಚಿಮಣಿ ಎಣ್ಣೆಯಲ್ಲಿ ಅದ್ದಿದ ಅರಿವೆ ಹಿಡಿದರೆ ಕೈ ಆಡಿಸುವ ಕೆಲಸವಿಲ್ಲದೆ ಚೈನು ಸ್ವಚ್ಛವಾಗುತ್ತದೆ. ಎಷ್ಟೋ ಸಲ ಹಾಗೆ ಮಾಡಿದ್ದರಂತೆ.

ನಾನು ಒಗೆದ ಬಟ್ಟೆ ಹಿಂಡುತ್ತಿದ್ದೆ. ಎಂಜಿನ್ನಿನ ಶಬ್ದ ಒಮ್ಮೆಲೇ ಭಾರವಾಯಿತು. ಗಿರಣಿಯ ಕಲ್ಲಿನೊಳಗೆ ಏನೋ ಸಿಕ್ಕಿಕೊಂಡಾಗ ಆಗುತ್ತಿದ್ದ ಶಬ್ದ ಅದು. ತಿರುಗಿ ನೋಡಿದೆ. ಇವರು ಗಾಡಿಗೆ ತಲೆ ಆನಿಸಿ ಕೂತಿದ್ದರು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಅರಿವೆಯನ್ನು ಚೈನು ಎಳೆದುಕೊಂಡಿತ್ತು. ಅರಿವೆಯ ಜೊತೆ ಬಲಗೈಯ ಬೆರಳುಗಳನ್ನೂ ಹಿಂದಿನ ಗಾಲಿಯ ಹಲ್ಲಿನ ಚಕ್ರದ ಕೆಳಗೆ ಎಳೆದುಕೊಂಡಿತ್ತು. ಎಂಜಿನ್ನು ಇನ್ನೂ ಸತ್ತಿರಲಿಲ್ಲ. ಕೆಮ್ಮುತ್ತ ಕೆಮ್ಮುತ್ತ ಮತ್ತೂ ಎಳೆಯಲು ನೋಡುತ್ತಿತ್ತು.

ಅದನ್ನು ನಿಲ್ಲಿಸುವ ಬಗೆ ನನಗೆ ಗೊತ್ತಿರಲಿಲ್ಲ. ಅವರು ಪ್ಲಗ್ಗಿಗೆ ವಾಯರ್ ಸಿಕ್ಕಿಸುವುದನ್ನು ನೋಡಿದ್ದೆ, ಅಷ್ಟೇ. ಓಡಿ ಹೋಗಿ ಒದ್ದೆ ಕೈಯಿಂದಲೇ ಆ ವಾಯರ್ ಹಿಡಿದು ಕಿತ್ತೆ. ಹೆಗಲವರೆಗೆ ಯಾರೋ ಬಡಿಗೆಯಿಂದ ಹೊಡೆದ ಹಾಗಾಯಿತು. ನಾನು ಬಿದ್ದೆ, ಎಂಜಿನ್ನು ನಿಂತಿತು. ಶಬ್ದ ನಿಂತ ಮೇಲೆ ಅವರ ನರಳಾಟ ಕೇಳಿಸಿತು.

"ಹಿಂದಕ್ಕ... ಗಾಲಿ ಹಿಂದಕ್ಕ ತಿರುವು" ಎಂದರು.

ಗಾಲಿ ಜಗ್ಗಿದೆ, ಅಲುಗಲಿಲ್ಲ. ಗೇರಿನಲ್ಲಿತ್ತು. ನನ್ನ ಕೂಗಿಗೆ ಪಕ್ಕದ ಮನೆಯ ಮಾವಶಿ ಬೇಲಿ ದಾಟಿ ಓಡಿಬಂದರು. ಬೆಳಗಾವಿ ಕಡೆಯ ಮರಾಠಿಯವರು, ಗಟ್ಟಿ ಆಳು. ಅವರ ಗಂಡ ಕಾರ್ಖಾನೆಯ ಬಾಯ್ಲರಿನಲ್ಲಿ ಕೆಲಸಕ್ಕಿದ್ದರು. ನೋಡಿದವರೇ "ಅರೇ ದೇವಾ" ಎಂದು ನಿಂತುಬಿಟ್ಟರು.

"ಮಾವಶಿ, ಎಡಗಡೆ ಹಿಡಕಿ... ಆ ಕ್ಲಚ್ ಒತ್ತರಿ. ಬಿಡಬ್ಯಾಡ್ರಿ" ಎಂದರು ಇವರು. ಹಲ್ಲು ಕಚ್ಚಿಕೊಂಡಿದ್ದರು. ಮಾವಶಿ ಎರಡೂ ಕೈಯಿಂದ ಕ್ಲಚ್ ಹಿಡಿದು ಒತ್ತಿದರು. ನಾನು ಗಾಲಿಯ ಹಿಂದೆ ಮೊಣಕಾಲೂರಿ ಕೂತೆ. ಟಾಯರಿನ ಮೇಲೆ ಕೈ ಇಟ್ಟೆ.

ಅಲ್ಲೇ ನನ್ನ ಕೈ ಕಟ್ಟಿತು. ಹಿಂದಕ್ಕೆ ಎಂದರೆ ಯಾವ ಕಡೆ? ಮೇಲ್ಭಾಗ ನನ್ನ ಕಡೆಗೆ ಬಂದರೆ ಕೆಳಭಾಗ ಅತ್ತ ಹೋಗುತ್ತದೆ. ಕೆಳಭಾಗವನ್ನು ನನ್ನ ಕಡೆ ಎಳೆದರೆ ಮೇಲ್ಭಾಗ ಅತ್ತ. ಎರಡರಲ್ಲಿ ಒಂದು ಹಿಂದಕ್ಕೆ, ಇನ್ನೊಂದು ಮುಂದಕ್ಕೆ. ಮುಂದಕ್ಕೆ ತಿರುಗಿದರೆ ಬೆರಳು ಪೂರ್ತಿ ಒಳಗೆ ಹೋಗುತ್ತದೆ. ಇವರನ್ನು ಕೇಳೋಣವೆಂದರೆ ಕಣ್ಣು ಮೇಲಾಗಿತ್ತು.

"ಲೌಕರ್, ಲಗೂ ಮಾಡ ಪೋರಿ! ಕೈ ಸೋತವು" ಎಂದು ಮಾವಶಿ ಚೀರಿದರು.

ಬಟ್ಟೆ ಹಿಂಡುತ್ತ ಆ ಗಾಲಿ ತಿರುಗುವುದನ್ನು ನಾನು ಹಿಂದಿನಿಂದಲೇ ನೋಡಿದ್ದೆ. ಟಾಯರಿಗೆ ಅಂಟಿದ ಒಣ ಎಲೆಯೊಂದು ಕೆಳಗಿನಿಂದ ಮೇಲಕ್ಕೆ ಏರಿ ಏರಿ ಹೋಗುತ್ತಿತ್ತು. ಅದೊಂದೇ ನೆನಪಾಯಿತು. ಮೇಲಕ್ಕೆ ಹೋಗುತ್ತಿತ್ತು ಅಂದಮೇಲೆ ಈಗ ಕೆಳಕ್ಕೆ ಒತ್ತಬೇಕು. ಖಾತ್ರಿ ಇರಲಿಲ್ಲ. ಶಿವನೇ ಎಂದು ಮೈಭಾರವೆಲ್ಲ ಹಾಕಿ ಟಾಯರನ್ನು ಕೆಳಕ್ಕೆ ಒತ್ತಿದೆ. ಚೈನು ಕಟಕ್ಕೆಂದು ಸಡಿಲಾಯಿತು. ಅರಿವೆಯ ಸಮೇತ ಕೈ ಹೊರಗೆ ಬಂತು. ಆ ಅರಿವೆಯನ್ನು ಬಿಚ್ಚುವ ಧೈರ್ಯ ನಮ್ಮಿಬ್ಬರಲ್ಲಿ ಯಾರಿಗೂ ಆಗಲಿಲ್ಲ. ಹಾಗೇ ಸುತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತೋರುಬೆರಳು, ನಡುಬೆರಳು ಎರಡರ ತುದಿಯೂ ಉಳಿಯಲಿಲ್ಲ. ಕೈ ಉಳಿದದ್ದೇ ನಿಮ್ಮ ಪುಣ್ಯ ಎಂದರು ಡಾಕ್ಟರರು.

ಅತ್ತೆ ಆ ದಿನ ಹಿತ್ತಲಿಗೆ ಹೋಗಿ ಗಾಡಿಯ ಮೇಲೆ ಹಳೆಯ ಜಮಖಾನೆ ಹೊದಿಸಿ ಬಂದರು. ಹೆಣಕ್ಕೆ ಹೊದಿಸಿದ ಹಾಗೆ ಕಾಣುತ್ತಿತ್ತು. ಒಲೆಯ ಮುಂದೆ ಕೂತಾಗಲೆಲ್ಲ ಅದು ಕಾಣದಿರಲೆಂದು ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ.

ಗಾಯ ಮಾಯ್ದು ಬಂತು. ಇವರ ಜಾಗದಲ್ಲಿ ತಾತ್ಕಾಲಿಕವಾಗಿ ಬೇರೊಬ್ಬರು ಕಾಡಿಗೆ ಹೋಗುತ್ತಿದ್ದರು. ಇವರು ಕಾರ್ಖಾನೆಯ ಯಾರ್ಡಿನಲ್ಲಿ ಕೂತು ಬಂದ ಲಾರಿಗಳನ್ನು ನೋಡಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದರೆ ಗೋಡೆ ನೋಡುತ್ತ ಕೂರುವುದು. ಊಟ ಅರ್ಧಕ್ಕೆ ಬಿಡುವುದು. ಕಾಡು ತಿರುಗಿದ ಮನುಷ್ಯ, ನಾಲ್ಕು ಗೋಡೆಯೊಳಗೆ ಒಣಗಿದಂತಾಗಿದ್ದರು. ಒಂದು ದಿನ ತಾವಾಗಿಯೇ ಅಂದರು:

"ಗಾಡಿ ಬಿಚ್ಚಬೇಕು. ಹೆಡ್ಡಿನ್ಯಾಗ ಮಸಿ ಕಟ್ಟೈತಿ. ವಾಲ್ವು ಕೂಡಿಸಬೇಕು. ನನ್ನ ಕೈಲೆ ಆಗೂದಿಲ್ಲ. ನೀ ಮಾಡ್ತಿ?"

"ನಾನ?"

"ನಾ ಹೇಳ್ತೇನಿ. ನೀ ಕೈ ಆಡಸು, ಅಷ್ಟ."

ಒಳಗಿನಿಂದ ಅತ್ತೆ ಕೇಳಿಸಿಕೊಂಡರು. "ನಿನ್ನ ಕೈ ತಿಂದದ್ದು ಸಾಲಲಿಲ್ಲೇನೋ? ಆಕಿ ಕೈನೂ ಕೊಡ್ತಿಯೇನು ಅದಕ್ಕ?"

ನನಗೂ ಅದೇ ಭಯ. ಬೇಡ ಎನ್ನಬೇಕೆಂದಿದ್ದೆ. ಆದರೆ ಕೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಪಟ್ಟಿ ಬಿಚ್ಚಿದ ಆ ಕೈಯನ್ನು ಧೋತರದ ಮರೆಯಲ್ಲಿ ಇಟ್ಟುಕೊಂಡಿದ್ದರು. "ಮಾಡ್ತೇನ್ರಿ" ಅಂದೆ.

ಮುಂದಿನ ಭಾನುವಾರ ಜಮಖಾನೆ ತೆಗೆದೆ. ಪಾನಾ ಮೊದಲ ನಟ್ಟಿನಿಂದಲೇ ಜಾರಿ ಗೆಣ್ಣು ಕೆತ್ತಿತು. ಇವರು ಮೆಟ್ಟಿಲ ಮೇಲೆ ಕೂತು ಒಂದೊಂದೇ ಹೇಳುತ್ತ ಹೋದರು. ಮೊದಲು ಪೆಟ್ರೋಲ್ ಟ್ಯಾಂಕು ಇಳಿಸು. ಆಮೇಲೆ ಸೈಲೆನ್ಸರಿನ ನಳಿಗೆ ಬಿಚ್ಚು. ಎಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ಡಿನ ನಟ್ಟುಗಳನ್ನು ಒಂದನ್ನೇ ಪೂರ್ತಿ ತೆಗೆಯಬೇಡ, ಎದುರುಬದುರಿನವನ್ನು ಸ್ವಲ್ಪ ಸ್ವಲ್ಪ ಸಡಿಲಿಸು, ಇಲ್ಲದಿದ್ದರೆ ಹೆಡ್ಡು ಸೊಟ್ಟಾಗುತ್ತದೆ. ಹೆಡ್ಡು ಎದ್ದು ಬಂದಾಗ ಒಳಗೆ ಪಿಸ್ಟನ್ನಿನ ತಲೆ ನಮ್ಮ ಒಲೆಯ ಮೇಲಿನ ಗಡಿಗೆಯ ತಳದಷ್ಟೇ ಕಪ್ಪಾಗಿತ್ತು. ಮಸಿಯನ್ನು ಕೆರೆಯಲು ಕಬ್ಬಿಣ ಮುಟ್ಟಿಸಬಾರದು, ಗೀರು ಬೀಳುತ್ತದೆ ಎಂದು ಬಿದಿರಿನ ಚಕ್ಕೆ ಕೆತ್ತಿ ಕೊಟ್ಟರು, ಎಡಗೈಯಿಂದ.

ಎಂಜಿನ್ನು ಎಳೆದುಕೊಳ್ಳುವ, ಉಗುಳುವ ಬಾಗಿಲುಗಳಾದ ಎರಡು ವಾಲ್ವುಗಳನ್ನು ಮಸಾಲೆಯಂಥ ಒಂದು ಪೇಸ್ಟು ಹಚ್ಚಿ ಅವುಗಳ ಕುಳಿಯಲ್ಲಿ ತಿರುವಿ ತಿರುವಿ ತಿಕ್ಕಬೇಕು. ಅಂಗೈಗಳ ನಡುವೆ ಕೋಲು ಹಿಡಿದು ಮಜ್ಜಿಗೆ ಕಡೆದ ಹಾಗೆ. ತಿಕ್ಕಿದ ಮೇಲೆ ಹೆಡ್ಡನ್ನು ತಲೆಕೆಳಗು ಮಾಡಿ ಚಿಮಣಿ ಎಣ್ಣೆ ಹೊಯ್ದು ಬಿಡಬೇಕು. ಒಂದು ಹನಿಯೂ ಕೆಳಗೆ ಸೋರಬಾರದು. ಮೊದಲ ಸಲ ಸೋರಿತು. ಎರಡನೆಯ ಸಲವೂ ಸೋರಿತು. ಅಂಗೈಯಲ್ಲಿ ಬೊಕ್ಕೆ ಎದ್ದವು. ಅಡುಗೆಯ ಅರ್ಧ ಕೆಲಸ ಅತ್ತೆಯೇ ಮಾಡಿದರು, ಗೊಣಗುತ್ತ. ಸೋರುವುದು ನಿಂತಾಗ ನಾನು ಕರೆಯುವ ಮೊದಲೇ ಅವರು ಬಗ್ಗಿ ನೋಡಿ "ನಿಂತೈತಿ ನೋಡು" ಎಂದರು.

ವಾಲ್ವು ಎತ್ತುವ ಕಡ್ಡಿಗಳನ್ನು ಸರಿಯಿಡುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ. ಬೆರಳಲ್ಲಿ ಹಿಡಿದರೆ ಕಡ್ಡಿ ಸಲೀಸಾಗಿ ತಿರುಗಬೇಕು. ಮೇಲೆ ಕೆಳಗೆ ಮಾತ್ರ ಆಡಬಾರದು. ಇವರು ತಮ್ಮ ಉಳಿದ ಬೆರಳುಗಳಲ್ಲಿ ಹಿಡಿದು ನೋಡಲು ಹೋದರು, ಹಿಡಿತ ಸಿಗಲಿಲ್ಲ. "ನೀನ ಹೇಳು, ಹೆಂಗೈತಿ?" ಎಂದರು. ಅವರಿಗೆ ತಿಳಿಯದ್ದನ್ನು ನಾನು ಹೇಳಬೇಕು. ನಾನು ಸರಿ ಎಂದರೆ ಸರಿ. ಆ ಮಾತಿನಿಂದ ನನಗೆ ಹೆಮ್ಮೆ ಆಗಬೇಕಿತ್ತೇನೋ. ಸರಿ ಎನ್ನುವ ಮೊದಲು ಕಡ್ಡಿಯನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದೆ.

ಇದೆಲ್ಲದರಲ್ಲಿ ನಾನೊಂದು ಗಮನಿಸಿದ್ದೆ. ಹೆಡ್ಡು, ವಾಲ್ವು, ಪ್ಲಗ್ಗು ಎಲ್ಲಕ್ಕೂ ಮುಖ ತಾಗುವಷ್ಟು ಬಗ್ಗಿ ನೋಡುತ್ತಿದ್ದವರು, ಚೈನಿನ ಕೆಲಸ ಬಂದ ಕೂಡಲೇ ಎದ್ದು ನೀರು ಕುಡಿಯಲು ಹೋದರು. ಹಳೆಯ ಚೈನು ಹಾಳಾಗಿತ್ತು, ಹೊಸದು ತಂದಿದ್ದರು. ಅದನ್ನು ಸುತ್ತಿ ಎರಡು ತುದಿಗಳನ್ನು ಒಂದು ಕೊಂಡಿಯಿಂದ ಜೋಡಿಸಿ, ಕೊಂಡಿಯ ಮೇಲೆ ಮೀನಿನ ಆಕಾರದ ಸಣ್ಣ ಕ್ಲಿಪ್ಪು ಕೂಡಿಸಬೇಕು. ಒಳಗಿನಿಂದಲೇ ಕೂಗಿ ಹೇಳಿದರು: "ಕ್ಲಿಪ್ಪಿನ ಮುಚ್ಚಿದ ಬಾಯಿ ಚೈನು ಓಡೂ ಕಡೆ ಇರಬೇಕು. ತೆರದ ಬಾಯಿ ಹಿಂದ. ಉಲ್ಟಾ ಹಾಕಿದರ ಓಡೂವಾಗ ಏನಾರ ತಾಗಿ ಕಿತ್ತು ಹೋಗತೈತಿ. ಚೈನು ಹರದು ಗಾಲಿಗೆ ಸಿಕ್ಕರ ಗಾಡಿ ಅಲ್ಲೇ ಬೀಳತೈತಿ."

ಹಾಕಿದೆ. ಅವರು ಬಂದು ನೋಡಲಿಲ್ಲ. "ಹಾಕಿದಿ?" "ಹಾಕೇನ್ರಿ." ಅಷ್ಟೇ.

ಮೊದಲ ಸಲ ಚಾಲೂ ಮಾಡುವಾಗಲೂ ಅವರು ನನಗೇ ಹೇಳಿದರು. ಬಲಗೈಯಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿಯಲು ಆಗದೆ ಕಿಕ್ಕು ಹೊಡೆಯಲಾಗುವುದಿಲ್ಲ ಎಂದರು. ಕಚ್ಚೆ ಬಿಗಿದುಕೊಂಡು ಹತ್ತಿದೆ. ಒತ್ತಡ ಬಿಡಿಸುವ ಸಣ್ಣ ಹಿಡಿಕೆ ಒತ್ತಿ, ಕಿಕ್ಕನ್ನು ಮೆಲ್ಲಗೆ ಇಳಿಸಿ, ಬಿಟ್ಟು, ಆಮೇಲೆ ಜೋರಾಗಿ ಒದೆಯಬೇಕು. ಮೊದಲನೆಯ ಒದೆತಕ್ಕೆ ಅದು ವಾಪಸು ಒದೆಯಿತು. ನನ್ನನ್ನು ಎತ್ತಿ ಒಗೆಯುವ ಕಲ್ಲಿನ ಹತ್ತಿರ ಎಸೆಯಿತು. ಪಾದ ಊದಿಕೊಂಡಿತು. ಅತ್ತೆ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮತ್ತೆ ಹತ್ತಿದೆ. ಈ ಸಲ ಅದು ಕೆಮ್ಮಿ, ಹೊಗೆ ಕಾರಿ, ನಿಂತಲ್ಲೇ ಸಣ್ಣಗೆ ಬಡಿದುಕೊಳ್ಳತೊಡಗಿತು. ನಾಲ್ಕು ಕೆಲಸಗಳನ್ನೂ ಒಂದೊಂದಾಗಿ ಮಾಡುತ್ತಿತ್ತು. ಕಿವಿಗೆ ಗೊತ್ತಾಗುತ್ತಿತ್ತು.

ಮರುಭಾನುವಾರ ಬೆಳಗ್ಗೆ ಅವರು ಹೊರಟರು. "ಸೂಪಾತನಕ ಹೋಗಿ ಬರ್ತೇನಿ. ಅಲ್ಲಿ ಯಾರಾರ ಕಿಕ್ ಹೊಡದ ಕೊಡ್ತಾರ. ಊಟದ ಹೊತ್ತಿಗೆ ಬರ್ತೇನಿ" ಎಂದರು. ಗಾಡಿಯನ್ನು ನಾನೇ ಚಾಲೂ ಮಾಡಿ ಕೊಟ್ಟೆ. ಅವರು ಅಂಗೈಯಿಂದ ರೇಸಿನ ಹಿಡಿಕೆ ಒತ್ತಿ ತಿರುವಿ, ಉಂಗುರಬೆರಳು ಬ್ರೇಕಿನ ಮೇಲೆ ಇಟ್ಟುಕೊಂಡು ಹೋದರು. ಶಬ್ದ ದೂರವಾಗಿ ಸೇತುವೆಯ ಕಡೆ ಕರಗಿತು.

ರೊಟ್ಟಿ ತಟ್ಟುತ್ತಿದ್ದೆ. ಮೂರನೆಯದೋ ನಾಲ್ಕನೆಯದೋ ರೊಟ್ಟಿ ಹಂಚಿನ ಮೇಲೆ ಇದ್ದಾಗ ಆ ಕ್ಲಿಪ್ಪು ನೆನಪಾಯಿತು.

ನಾನು ಅದನ್ನು ಹಾಕುವಾಗ ಕೊಂಡಿ ಚೈನಿನ ಮೇಲಿನ ಸಾಲಿನಲ್ಲಿತ್ತೋ, ಕೆಳಗಿನ ಸಾಲಿನಲ್ಲಿತ್ತೋ? ಮೇಲಿನ ಸಾಲು ಮುಂದಕ್ಕೆ ಓಡುತ್ತದೆ. ಕೆಳಗಿನದು ಹಿಂದಕ್ಕೆ ಓಡುತ್ತದೆ. ಮೇಲೆ ಇದ್ದಾಗ ಮುಚ್ಚಿದ ಬಾಯಿ ಮುಂದಿರಬೇಕು. ಕೆಳಗಿದ್ದಾಗ ಹಿಂದಿರಬೇಕು. ನಾನು ಮುಂದೆ ಎಂದು ನೆನಪಿಟ್ಟುಕೊಂಡು ಹಾಕಿದ್ದೆ. ಆದರೆ ಎಲ್ಲಿ ಹಾಕಿದ್ದೆ? ಕಣ್ಣು ಮುಚ್ಚಿದರೆ ಕ್ಲಿಪ್ಪು ಕಾಣುತ್ತಿತ್ತು. ಒಮ್ಮೆ ಸರಿಯಾಗಿ, ಮರುಕ್ಷಣ ಉಲ್ಟಾ. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು.

ಊಟದ ಹೊತ್ತಾಯಿತು. ಬರಲಿಲ್ಲ. ಅತ್ತೆ ಬಾಗಿಲಲ್ಲಿ ಕೂತರು. ನಾನು ಒಳಗೂ ಹೊರಗೂ ಓಡಾಡಿದೆ. ಊಟದ ಹೊತ್ತೂ ಮೀರಿತು. ರಸ್ತೆಯಲ್ಲಿ ಬರುವ ಪ್ರತಿಯೊಂದು ಶಬ್ದಕ್ಕೂ ಕಿವಿ ನಿಮಿರುತ್ತಿತ್ತು. ಎಲ್ಲ ಲಾರಿಗಳು. ನನ್ನ ಕಣ್ಣ ಮುಂದೆ ಚೈನು ಹರಿದು ಹಾವಿನಂತೆ ಗಾಲಿಗೆ ಸುತ್ತಿಕೊಳ್ಳುತ್ತಿತ್ತು. ಇವರು ಇಳಿಜಾರಿನಲ್ಲಿ ಬಿದ್ದಿರುತ್ತಿದ್ದರು.

"ಅತ್ತಿ, ನಾ ನೋಡಿ ಬರ್ತೇನ್ರಿ" ಎಂದೆ.

"ಎಲ್ಲಿಗೆ ಹೋಗ್ತಿ ಒಬ್ಬಾಕಿ?"

ಎಲ್ಲಿಗೆ ಎಂದು ನನಗೂ ಗೊತ್ತಿರಲಿಲ್ಲ. ಮಾವಶಿ ನನ್ನ ಜೊತೆ ಅರಣ್ಯ ಇಲಾಖೆಯ ನಾಕಾದವರೆಗೆ ಬಂದರು. ಬಿದಿರು ತರಲು ಖಾಲಿ ಹೋಗುವ ಲಾರಿಗಳು ಅಲ್ಲಿ ನಿಲ್ಲುತ್ತಿದ್ದವು. ಒಬ್ಬ ಡ್ರೈವರಿಗೆ ಇವರ ಗುರುತಿತ್ತು. ವಯಸ್ಸಾದ ಸಾಬರು, ಹಳಿಯಾಳದವರೇ. ನಮ್ಮ ಅಪ್ಪನ ಗಿರಣಿಗೆ ಹಿಟ್ಟು ಬೀಸಿಸಲು ಬರುತ್ತಿದ್ದವರು. "ಕೂಡವಾ ಬೇಟಾ" ಎಂದು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಮಾವಶಿ "ನಾನೂ ಬರ್ತೇನಿ" ಎಂದರು. ಆದರೆ ಅವರ ಗಂಡ ಪಾಳಿ ಮುಗಿಸಿ ಊಟಕ್ಕೆ ಬರುವ ಹೊತ್ತು. ಬೇಡವೆಂದು ನಾನೇ ಕಳಿಸಿದೆ.

ರಸ್ತೆ ಕಾಡಿನೊಳಗೆ ಹೊಕ್ಕಿತು. ತೇಗದ ಮರಗಳ ಮೇಲೆ ಬಿಸಿಲಿತ್ತು, ಕೆಳಗೆ ಇರಲಿಲ್ಲ. ಪ್ರತಿ ತಿರುವಿನಲ್ಲೂ ನಾನು ಮೊದಲು ರಸ್ತೆ ನೋಡುತ್ತಿದ್ದೆ, ಆಮೇಲೆ ಪಕ್ಕದ ಕಂದಕ. ಒಂದು ಕಡೆ ರಸ್ತೆಯಂಚಿನಲ್ಲಿ ಕಾಡುಕೋಣ ನಿಂತಿತ್ತು. ಲಾರಿ ನಿಲ್ಲಿಸಿ ಅದು ದಾಟುವವರೆಗೆ ಕಾದರು. ನನಗೆ ಅದರ ಭಯವಾಗಲಿಲ್ಲ. ಹೊತ್ತು ಹೋಗುತ್ತಿದೆಯಲ್ಲ ಎಂದಷ್ಟೇ ಅನಿಸುತ್ತಿತ್ತು.

ಸೂಪಾ ಇನ್ನೂ ಬಂದಿರಲಿಲ್ಲ. ಸಾಬರು ಒಮ್ಮೆಲೇ ಬ್ರೇಕು ಒತ್ತಿದರು. "ಗಾಡಿ ಐತಿ" ಎಂದರು. ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿ, "ಸಾಹೇಬ್ರು ಕಾಣವಲ್ಲರು."

ಮರದ ಕೆಳಗೆ ಫಟಫಟಿ ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಂತಿತ್ತು. ಬಿದ್ದಿರಲಿಲ್ಲ, ಒಂದು ಗೀರೂ ಇರಲಿಲ್ಲ. ಹತ್ತಿರ ಯಾರೂ ಇರಲಿಲ್ಲ. ಬಿದ್ದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ಒಂಟಿ ಗಾಡಿ, ಸುತ್ತ ಕಾಡು. ಎಂಜಿನ್ನು ಮುಟ್ಟಿ ನೋಡಿದೆ, ತಣ್ಣಗಾಗಿತ್ತು. "ರೀ" ಎಂದು ಕೂಗಿದೆ. ಸಾಬರೂ ಕೂಗಿದರು. ಕಾಡು ಅವರ ಕೂಗನ್ನು ನುಂಗಿತು. ಮತ್ತೆ ಕೂಗಿದರು. ಆಗ ಕೆಳಗೆ ಹಳ್ಳದ ಕಡೆಯಿಂದ ಕೆಮ್ಮು ಕೇಳಿಸಿತು.

ಇವರು ಹಳ್ಳದ ದಂಡೆಯ ಬಂಡೆಯ ಮೇಲೆ ಕೂತಿದ್ದರು. ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡಿದ್ದರು. ಅಂಗಿ ಬೆವರಿನಿಂದ ತೊಯ್ದಿತ್ತು. ನನ್ನನ್ನು ನೋಡಿ ಏಳಲಿಲ್ಲ.

"ಬಿದ್ರೇನ್ರಿ? ಎಲ್ಲಿ ಬಡದೈತಿ?"

"ಇಲ್ಲ."

"ಚೈನು ಹರೀತೇನ್ರಿ? ಕ್ಲಿಪ್ಪು ಹೋತೇನು?"

"ಏನೂ ಕೆಟ್ಟಿಲ್ಲ." ಹಳ್ಳದ ಕಡೆ ನೋಡುತ್ತ ಹೇಳಿದರು. "ಬರುವಾಗ ಟಿಕ್ ಟಿಕ್ ಅನ್ನಾಕತ್ತಿತು. ಚೈನು ಎಲ್ಲೋ ತಾಗತೈತಿ ಅನಿಸ್ತು. ನಿಲ್ಲಿಸಿ ನೋಡೂಣು ಅಂತ ಬಗ್ಗಿದೆ. ಕೈ ಹೋಗಲಿಲ್ಲ. ಎಷ್ಟ ಸಲ ಬಗ್ಗಿದರೂ ಕೈ ಹೋಗಲಿಲ್ಲ. ಹಂಗ ಹೊಡಕೊಂಡು ಹೋಗೂಣಂದರ ಹರದ ಗಾಲಿಗೆ ಸಿಕ್ಕರ ಅನಿಸ್ತು. ಕಿಕ್ ಹೊಡಿಯಾಕೂ ಆಗಲಿಲ್ಲ."

ರಾತ್ರಿಗಳನ್ನು ಕಾಡಿನ ಗುಡಿಸಲಿನಲ್ಲಿ ಕಳೆದವರು, ಹುಲಿಯ ಹೆಜ್ಜೆಯ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿದವರು. ಆ ಗಾಯವಾದ ದಿನದಿಂದ ಈ ಹೆದರಿಕೆಯನ್ನು ಒಳಗೇ ಇಟ್ಟುಕೊಂಡಿದ್ದರು. ನಾನು ನೀರಿನಲ್ಲಿ ಸೆರಗು ಅದ್ದಿ ಅವರ ಮುಖ ಒರೆಸಿದೆ. ಸಾಬರು ಬೇರೆ ಕಡೆ ನೋಡುತ್ತ ಬೀಡಿ ಹಚ್ಚಿದರು.

"ನಾ ನೋಡ್ತೇನಿ, ಕೂಡ್ರಿ" ಎಂದು ಮೇಲೆ ಹತ್ತಿದೆ.

ಗಾಡಿಯ ಎಡಕ್ಕೆ ಕೂತು ಗಾಲಿಯನ್ನು ಮೆಲ್ಲಗೆ ಕೈಯಿಂದ ತಿರುಗಿಸಿದೆ. ನನ್ನ ಕೈಯೂ ಹೋಗಲು ಒಲ್ಲೆ ಎಂದಿತು. ಬೆರಳುಗಳನ್ನು ಮಡಚಿ, ಒಂದು ಕಡ್ಡಿಯಿಂದ ಚೈನನ್ನು ಎತ್ತಿ ನೋಡಿದೆ. ಹೊಸ ಚೈನು ಓಡಿ ಓಡಿ ಸಡಿಲಾಗಿ, ಜೋತುಬಿದ್ದು, ಓಡುವಾಗ ಕುಣಿದು ಮೇಲಿನ ತಗಡಿನ ಮುಚ್ಚಳಕ್ಕೆ ತಾಗುತ್ತಿತ್ತು. ಅದರದೇ ಶಬ್ದ. ಕೊಂಡಿ ಮೇಲೆ ಬರುವವರೆಗೆ ಗಾಲಿ ತಿರುಗಿಸಿದೆ. ಕ್ಲಿಪ್ಪಿನ ಮುಚ್ಚಿದ ಬಾಯಿ ಮುಂದಿತ್ತು. ಸರಿಯಾಗಿಯೇ ಹಾಕಿದ್ದೆ. ಗಾಲಿಯನ್ನು ಇನ್ನೊಂದು ಸುತ್ತು ತಿರುಗಿಸಿ ಮತ್ತೊಮ್ಮೆ ನೋಡಿದೆ.

ಗಾಡಿಯ ಪೆಟ್ಟಿಗೆಯಲ್ಲಿ ಪಾನಾಗಳಿದ್ದವು. ಹಿಂದಿನ ಗಾಲಿಯ ನಟ್ಟು ಸಡಿಲಿಸುವಷ್ಟು ಬಲ ನನಗಿರಲಿಲ್ಲ, ಸಾಬರು ಸಡಿಲಿಸಿ ಕೊಟ್ಟರು. ಎರಡೂ ಬದಿಯ ತಿರುಪುಗಳನ್ನು ಸಮನಾಗಿ ತಿರುವಿ ಗಾಲಿಯನ್ನು ಹಿಂದಕ್ಕೆ ಸರಿಸಿದೆ. ಚೈನು ಬಿಗಿಯಾಯಿತು. ತೀರಾ ಬಿಗಿದರೂ ಹರಿಯುತ್ತದೆ. ಬೆರಳಿಗೆ ಒಂದಿಷ್ಟು ಆಡುವಷ್ಟು ಬಿಟ್ಟು ನಟ್ಟು ಬಿಗಿಸಿದೆವು. ಈ ಕೆಲಸದಲ್ಲಿ ಬೆರಳು ಚೈನಿಗೆ ತಾಗಿಸಲೇಬೇಕಾಯಿತು. ತಾಗಿಸಿದೆ. ಹಣೆಯಿಂದ ಬೆವರು ಕಣ್ಣಿಗಿಳಿಯುತ್ತಿತ್ತು.

ಆಮೇಲೆ ಸೀರೆ ಎತ್ತಿ ಕಟ್ಟಿ ಕಿಕ್ಕು ಹೊಡೆದೆ. ಒಂದು ಸಲ ಸುಮ್ಮನಿತ್ತು. ಮತ್ತೊಂದು ಸಲಕ್ಕೆ ಚಾಲೂ ಆಯಿತು. ಸಾಬರು "ಮಾಶಾ ಅಲ್ಲಾ" ಎಂದು ನಕ್ಕರು. ಶಬ್ದ ಕೇಳಿ ಇವರು ಹಳ್ಳದಿಂದ ಮೇಲೆ ಬಂದರು. ದೂರದಲ್ಲೇ ನಿಂತರು.

"ಲಾರಿಯಾಗ ಹಾಕ್ಕೊಂಡು ಹೋಗೂಣು, ಸಾಹೇಬ್ರ?" ಎಂದು ಸಾಬರು ಕೇಳಿದರು. "ನಾ ಮ್ಯಾಲ ಹೋಗಿ ಬಿದಿರು ಹೇರಕೊಂಡು ಬರೂತನಕ ನಿಲ್ಲಬೇಕಾಗತೈತಿ."

ಇವರು ನನ್ನನ್ನು ನೋಡಿದರು. ನನ್ನನ್ನು ಕೇಳಿದ್ದರೆ ಲಾರಿಗೇ ಹಾಕೋಣ ಎನ್ನುತ್ತಿದ್ದೆ, ಅಷ್ಟು ಹೆದರಿದ್ದೆ. ಅವರು ಬಂದು ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿದರು. "ಹಿಂದ ಕೂಡು" ಎಂದರು.

ನಾನು ಅದುವರೆಗೆ ಆ ಗಾಡಿಯ ಮೇಲೆ ಕಾಡಿನ ದಾರಿಯಲ್ಲಿ ಬಂದವಳಲ್ಲ. ಅವರ ಹೆಗಲು ಹಿಡಿದು ಕೂತೆ. ಅವರ ಮೈಯ ನಡುಕ ನನ್ನ ಕೈಗೆ ಬರುತ್ತಿತ್ತು. ನನ್ನದು ಅವರಿಗೆ ತಿಳಿಯುತ್ತಿತ್ತೋ ಏನೋ. ಇಳಿಜಾರು ಬಂದಾಗ ಅವರು ರೇಸು ಬಿಟ್ಟು ಗೇರಿನಲ್ಲೇ ಗಾಡಿಯನ್ನು ತಡೆತಡೆದು ಇಳಿಸಿದರು. ಸೈಲೆನ್ಸರು ಪಟಪಟ ಸಿಡಿಯಿತು. ಪ್ರತಿ ಸಿಡಿತಕ್ಕೂ ನಾನು ಹೆಗಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಕೆಳಗೆ ಚೈನಿನ ಶಬ್ದಕ್ಕೆ ಕಿವಿ ಕೊಟ್ಟಿದ್ದೆ. ಏನೂ ಕೇಳಿಸದಿದ್ದರೂ ಭಯ, ಕೇಳಿಸಿದರೂ ಭಯ.

"ಟಿಕ್ ಟಿಕ್ ಅಂತೈತೇನು?" ಎಂದು ಗಾಳಿಯಲ್ಲಿ ಕೂಗಿ ಕೇಳಿದರು.

"ಇಲ್ರಿ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಈಗ?"

"ಇಲ್ರಿ, ಹೋಗ್ರಿ."

ಹೀಗೇ ಕೇಳುತ್ತ ಹೇಳುತ್ತ ಬಂದೆವು. ಕಾಳಿ ನದಿಯ ಸೇತುವೆ ದಾಟುವ ಹೊತ್ತಿಗೆ ಅವರು ಕೇಳುವುದನ್ನು ಬಿಟ್ಟಿದ್ದರು.

ಅತ್ತೆ ರಸ್ತೆಯವರೆಗೆ ಬಂದು ನಿಂತಿದ್ದರು, ಮಾವಶಿ ಅವರ ಪಕ್ಕದಲ್ಲಿ. ನನ್ನನ್ನು ಗಾಡಿಯ ಮೇಲೆ ನೋಡಿ ಅತ್ತೆಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಊಟಕ್ಕೆ ಕೂತಾಗ ಇವರು ಇಬ್ಬರಿಗೂ ಕೇಳುವ ಹಾಗೆ ಹೇಳಿದರು: "ನನಗ ಆ ಚೈನಿನ ಹೆದರಿಕಿ ಕೂತೈತಿ. ಹೋಗೂದಿಲ್ಲ ಅದು. ಬ್ಯಾರೇದೆಲ್ಲಾ ನಾ ನೋಡ್ಕೋತೇನಿ."

"ಚೈನು ನಾ ನೋಡ್ಕೋತೇನ್ರಿ" ಎಂದೆ.

ಅತ್ತೆ ಮಗನ ತಟ್ಟೆಗೆ ಮತ್ತೊಂದು ರೊಟ್ಟಿ ಹಾಕಿದರು. "ಎಂಜಿನ್ ಬಂದ್ ಮಾಡಿ ನೋಡವಾ, ಏನ ನೋಡಿದರೂ" ಎಂದರು ನನಗೆ.

ಎಡಗೈಯ ಬಲದ ಮೇಲೆ ಕಿಕ್ಕು ಹೊಡೆಯಲು ಕಲಿತು ಅವರು ಮತ್ತೆ ಕಾಡಿನ ಕೆಲಸಕ್ಕೆ ಹೋದರು. ಮುಂದೆ ಕಾರ್ಖಾನೆಯವರು ಜೀಪು ಕೊಡುವವರೆಗೆ ಆ ಗಾಡಿಯ ಮೇಲೆಯೇ ತಿರುಗಿದರು. ಪ್ರತಿ ಭಾನುವಾರ ನಾನು ಚೈನು ಒರೆಸಿ, ಎಣ್ಣೆ ಬಿಟ್ಟು, ಕ್ಲಿಪ್ಪು ನೋಡಿ, ಗಾಲಿ ತಿರುಗಿಸಿ ಮತ್ತೆ ನೋಡುತ್ತಿದ್ದೆ. ಅವರು ಹೊರಟು ಹೋದ ಮೇಲೆ ಸರಿಯಾಗಿ ನೋಡಿದೆನೋ ಇಲ್ಲವೋ ಎಂಬ ಸಂಶಯ ಅಷ್ಟೂ ವರ್ಷ ನನ್ನನ್ನು ಬಿಡಲಿಲ್ಲ. ಸಂಜೆ ಸೇತುವೆಯ ಕಡೆಯಿಂದ ಶಬ್ದ ಕೇಳಿಸಿದ ಮೇಲೆಯೇ ನಾನು ಒಲೆಯ ಮೇಲೆ ಚಹಾಕ್ಕೆ ನೀರು ಇಡುತ್ತಿದ್ದೆ. ಜೀಪು ಬಂದ ಮೇಲೆ ಮುಂಡಗೋಡಿನ ರೈತರೊಬ್ಬರು ಗಾಡಿ ಕೊಂಡು ಹೋದ ದಿನ ಅತ್ತೆ ಹಿತ್ತಲಿನ ಆ ಜಾಗವನ್ನು ಸೆಗಣಿ ಹಾಕಿ ಸಾರಿಸಿದರು. ಎಣ್ಣೆಯ ಕಲೆ ಹೋಗಲಿಲ್ಲ. ಅದರ ಮೇಲೆಯೇ ಮಾವಶಿ ಕೊಟ್ಟ ಮಲ್ಲಿಗೆಯ ಬಳ್ಳಿ ನೆಟ್ಟೆವು. ಅದು ಬೇರು ಬಿಟ್ಟು ಹತ್ತಲಿಲ್ಲ. ಮರುವರ್ಷ ಬೇರೆ ಕಡೆ ನೆಟ್ಟದ್ದು ಹತ್ತಿತು.